ಕಂಬಳಿ, ದಿಂಬು, ಗೋಡೆ: ದಣಿದ ಮೈಗೆ ವಿಶ್ರಾಂತಿ ಯೋಗ

ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ರೇಷ್ಮೆ ಹುಳು ಗೂಡು ಕಟ್ಟಲು ಹಣ್ಣಾಗುವವರೆಗೆ ಸೊಪ್ಪು ಹಾಕುವವರಿಗೆ ಸರಿಯಾಗಿ ನಿದ್ದೆ ಇರುವುದಿಲ್ಲ. ವಿಮಾನ ನಿಲ್ದಾಣದ ರಾತ್ರಿ ಪಾಳಿಗೆ ಹೋಗುವವರ ಪಾಡೂ ಅದೇ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ರೈತರಂತೂ 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಭೂಸ್ವಾಧೀನದ ವಿರುದ್ಧ ಧರಣಿ ಕೂತವರು. 1,777 ಎಕರೆಯ ಸ್ವಾಧೀನ ಕೈಬಿಡುವುದಾಗಿ ಸರ್ಕಾರ ಹೇಳಿದ್ದು 2025ರ ಜುಲೈ 15ರಂದು. ಜಮೀನಿನ ಚಿಂತೆಗೆ ಯೋಗ ಮದ್ದಲ್ಲ. ಆದರೆ ಬಿಗಿದ ಹೆಗಲು, ಹತ್ತದ ನಿದ್ದೆಗೆ ಮನೆಯಲ್ಲೇ ಒಂದು ಉಪಾಯವಿದೆ.

ಅದರ ಬೇರೂ ದೂರದ್ದಲ್ಲ. ಹೊಸಕೋಟೆ ದಾಟಿ ಕೋಲಾರದ ಹಾದಿಯಲ್ಲಿ ಸಿಗುವ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್, ಕಾಯಿಲೆಯವರೂ ಆಸನದಲ್ಲಿ ನಿಲ್ಲಲೆಂದು ಕುರ್ಚಿ, ಕಂಬಳಿ, ದಿಂಬುಗಳನ್ನು ಬಳಕೆಗೆ ತಂದರು. ಅವರ ಶಿಷ್ಯೆ, ಅಮೆರಿಕದ ಜುಡಿತ್ ಲಾಸೇಟರ್ ಇದನ್ನೇ ವಿಶ್ರಾಂತಿಯ ಪದ್ಧತಿಯಾಗಿ ಬೆಳೆಸಿದರು. ಇಲ್ಲಿ ಮೈ ಬಗ್ಗಿಸುವ ಹಟವಿಲ್ಲ. ಎಲ್ಲಾದರೂ ಎಳೆತ ಗೊತ್ತಾದರೆ ಅಲ್ಲಿಗೆ ಇನ್ನೊಂದು ಮಡಿಕೆ ಕಂಬಳಿ ಬೇಕು ಎಂದರ್ಥ.

ಮುದ್ದೆ ಊಟವಾಗಿ ಮೂರು ಗಂಟೆಯಾದರೂ ಕಳೆದಿರಲಿ. ನೆಲಕ್ಕೆ ಚಾಪೆ ಹಾಸಿ. ಎರಡು ಕಂಬಳಿ, ಎರಡು ದಿಂಬು, ಒಂದೆರಡು ಟವೆಲ್ ಸಾಕು. ಫೋನು ಬೇರೆ ಕೋಣೆಯಲ್ಲಿರಲಿ. ಈ ಒಂದು ಮಾತನ್ನೇ ಪಾಲಿಸುವವರು ಕಡಿಮೆ.

ಮೊದಲು ಮಂಡಿಯೂರಿ ಹಿಮ್ಮಡಿಯ ಮೇಲೆ ಕೂತು, ಮಂಡಿಗಳನ್ನು ಅಗಲಿಸಿ. ಮುಂದೆ ಉದ್ದುದ್ದಕ್ಕೆ ಪೇರಿಸಿಟ್ಟ ದಿಂಬುಗಳ ಮೇಲೆ ಹೊಟ್ಟೆ, ಎದೆ ಒರಗಿಸಿ, ಕೆನ್ನೆ ಪಕ್ಕಕ್ಕಿಡಿ. ಅರ್ಧಕ್ಕೆ ಕೆನ್ನೆ ಬದಲಿಸಿ. ಐದು ನಿಮಿಷ ಸಾಕು. ಮಂಡಿನೋವಿದ್ದವರು ಇದನ್ನು ಬಿಟ್ಟುಬಿಡಿ.

ಎರಡನೆಯದು ಸುಪ್ತ ಬದ್ಧಕೋನಾಸನ. ಒಂದು ಕಂಬಳಿಯನ್ನು ಗಟ್ಟಿಯಾಗಿ ಸುತ್ತಿ, ಬೆನ್ನಹುರಿಯ ಉದ್ದಕ್ಕೆ ಬರುವಂತೆ ಇಟ್ಟು ಮಲಗಿ. ಪೃಷ್ಠ ನೆಲದ ಮೇಲೇ ಇರಬೇಕು, ಸುರುಳಿ ಸೊಂಟದಿಂದ ಶುರುವಾಗಬೇಕು. ಗಲ್ಲ ಮೇಲಕ್ಕೆತ್ತಿಕೊಂಡರೆ ತಲೆಯಡಿ ಟವೆಲ್ ಮಡಚಿಡಿ. ಪಾದಗಳನ್ನು ಜೋಡಿಸಿ, ಮಂಡಿಗಳನ್ನು ಇಕ್ಕೆಲಕ್ಕೆ ಬಿಟ್ಟು, ತೊಡೆಗಳಡಿ ಒಂದೊಂದು ದಿಂಬು ಕೊಡಿ. ಹತ್ತು ನಿಮಿಷ ಉಸಿರು ತಾನಾಗಿ ಆಡಲಿ, ಹೊರಬಿಡುವುದು ಮಾತ್ರ ತುಸು ನಿಧಾನವಾಗಲಿ. ನಿಶ್ಶ್ವಾಸ ನೀಳವಾದಾಗ ಎದೆಬಡಿತ ತಗ್ಗಿ, ಮೈಯ ಬಿಗಿ ಸಡಿಲುತ್ತದೆ.

ದಿನವಿಡೀ ನಿಂತು ದುಡಿದವರಿಗೆ ನನ್ನ ಮತ ವಿಪರೀತಕರಣಿಗೆ. ಗೋಡೆಗೆ ಪಕ್ಕವಾಗಿ ಕೂತು, ಹೊರಳಿ ಮಲಗುತ್ತ ಕಾಲುಗಳನ್ನು ಗೋಡೆಗೆ ಆನಿಸಿ, ಸೊಂಟದಡಿ ಮಡಚಿದ ಕಂಬಳಿ ಇಡಿ. ಪಾದ ಜುಮ್ಮೆಂದರೆ ಮಂಡಿ ಮಡಚಿ ಇಳಿಸಿ. ಗ್ಲಾಕೋಮಾ, ಹರ್ನಿಯಾ, ಹತೋಟಿಗೆ ಬಾರದ ಬಿ.ಪಿ. ಇದ್ದವರಿಗೆ ಇದು ಬೇಡ. ಗರ್ಭಿಣಿಯರು ಯಾವುದಕ್ಕೂ ವೈದ್ಯರನ್ನು ಕೇಳಿಯೇ ಮುಂದುವರಿಯಲಿ.

ಕೊನೆಗೆ ಶವಾಸನ. ಮಂಡಿಯಡಿ ದಿಂಬು, ಕಣ್ಣಿನ ಮೇಲೆ ಟವೆಲ್. ಅಲುಗದೆ ಮಲಗಿದರೆ ಮೈ ತಣ್ಣಗಾಗುವುದರಿಂದ ಹೊದಿಕೆ ಇರಲಿ. ನಿದ್ದೆ ಬಂದರೆ ಬರಲಿ, ತಪ್ಪೇನಿಲ್ಲ. ಏಳುವಾಗ ಬಲಕ್ಕೆ ಹೊರಳಿ, ಕೈಯೂರಿ ಏಳಿ.

ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಸಾಕೆನ್ನಿಸಿದರೆ ಆಸನ ನೆಚ್ಚಿ ಕೂರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು.