ಅನ್ನಳಿಗೆ ರಿಟೈರ್‌ಮೆಂಟ್ ಇರಲಿಲ್ಲ

ಓದುವ ಭಾಗ: ಲೂಕ 2:36-38

ಯೂತ್ ಮೀಟಿಂಗ್‌ನಲ್ಲಿ ಅಜ್ಜಿಯರ ಬಗ್ಗೆ ಪ್ರಸಂಗನಾ ಅಂತ ಅನ್ಕೋಬೇಡಿ. ಇದು ನಿಮಗೇ ಇರೋ ವಾಕ್ಯ.

ಮೊದಲು ನನ್ನ ತಪ್ಪು ಹೇಳ್ತೀನಿ. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಊರಿಂದ ಬೆಂಗಳೂರಿಗೆ ಕರ್ಕೊಂಡು ಬಂದೆ. ಅಮ್ಮ ಸರ್ಕಾರಿ ಶಾಲೆಯ ಟೀಚರ್, ಆಗಷ್ಟೇ ರಿಟೈರ್ ಆಗಿದ್ರು. "ಅಮ್ಮ, ಇಷ್ಟು ವರ್ಷ ದುಡಿದಿದ್ದು ಸಾಕು, ಮೊಮ್ಮಗಳನ್ನ ಆಡಿಸ್ಕೊಂಡು ಆರಾಮಾಗಿರು" ಅಂದೆ. ಪ್ರೀತಿಯಿಂದಾನೇ ಹೇಳಿದ್ದು. ಮೂರು ತಿಂಗಳಾದ ಮೇಲೆ ಒಂದು ರಾತ್ರಿ ಅಡುಗೆಮನೆಯಲ್ಲಿ ಅಳ್ತಾ ನಿಂತಿದ್ರು. "ನೀನು ನನ್ನನ್ನ ಆರಾಮಾಗಿ ಇಟ್ಟಿಲ್ಲ ಕಣೋ, ಕೈ ಕಟ್ಟಿ ಕೂರಿಸಿದ್ದೀಯ" ಅಂದ್ರು. ಸಭೆಗೆಲ್ಲಾ ಬೋಧಿಸೋ ನನಗೆ ಉತ್ತರ ಇರಲಿಲ್ಲ.

ಈಗ ಅನ್ನಳನ್ನು ನೋಡೋಣ. ಅಸೇರನ ಕುಲದವಳು, ಫನುವೇಲನ ಮಗಳು. ಗಂಡನ ಜೊತೆ ಬಾಳಿದ್ದು 7 ವರ್ಷ ಮಾತ್ರ. ಆಮೇಲೆ ಲೂಕನು 84 ಅನ್ನೋ ಸಂಖ್ಯೆ ಬರೀತಾನೆ. ಅದು ಆಕೆಯ ವಯಸ್ಸು ಅಂತ ಕೆಲವರು, ವಿಧವೆಯಾಗಿ ಕಳೆದ ವರ್ಷಗಳು ಅಂತ ಕೆಲವರು ಓದ್ತಾರೆ. ಹೇಗೆ ಓದಿದ್ರೂ ಆಕೆ ಒಂಟಿಯಾಗಿ ಕಳೆದ ಕಾಲವೇ ಬಹಳ ದೊಡ್ಡದು.

ಮೂರು ವಿಷಯ ಗಮನಿಸಿ.

ಒಂದು, ಆಕೆಯನ್ನು ಪರಿಚಯಿಸುವಾಗ ವಾಕ್ಯ ಮೊದಲು ಹೇಳೋದು ವಿಧವೆ ಅಂತಲ್ಲ, ಪ್ರವಾದಿನಿ ಅಂತ.

ಎರಡು, ಆಕೆಯ ಉಪವಾಸ, ಪ್ರಾರ್ಥನೆ ಟೈಮ್‌ಪಾಸ್ ಅಲ್ಲ. ಹಗಲೂ ರಾತ್ರಿ ಮಾಡಿದ ದೇವರ ಸೇವೆ.

ಮೂರು, ಮಗು ಯೇಸುವನ್ನು ದೇವಾಲಯಕ್ಕೆ ತಂದ ಗಳಿಗೆಯಲ್ಲೇ ಅಲ್ಲಿಗೆ ಬಂದಳು. ದೇವರನ್ನು ಕೊಂಡಾಡಿ ಸುಮ್ಮನಾಗಲಿಲ್ಲ. ಬಿಡುಗಡೆಗೆ ಕಾಯ್ತಿದ್ದವರಿಗೆಲ್ಲಾ ಆ ಮಗುವಿನ ವಿಷಯ ಹೇಳಿದಳು. ಅಷ್ಟು ವರ್ಷ ಕಾದದ್ದು ವ್ಯರ್ಥವಾಗಲಿಲ್ಲ. ಹಲ್ಲೆಲೂಯ!

ಇನ್ನೊಂದು ಮಾತು. ನಮ್ಮ ರಾಜ್ಯದಲ್ಲಿ ಸರ್ಕಾರಿ ನೌಕರರಿಗೆ 60ಕ್ಕೆ ನಿವೃತ್ತಿ. ಆದರೆ 1 ತಿಮೊಥೆಯ 5ನೇ ಅಧ್ಯಾಯದಲ್ಲಿ ಸಭೆಯ ವಿಧವೆಯರ ಪಟ್ಟಿಗೆ ಸೇರಬೇಕಾದರೆ 60 ತುಂಬಿರಬೇಕು! ಆಫೀಸು ಹೆಸರು ತೆಗೆಯೋ ವಯಸ್ಸಿಗೆ ಸಭೆ ಹೆಸರು ಬರೀತಿತ್ತು. ಸಭೆ ಆಕೆಯನ್ನು ನೋಡಿಕೊಳ್ತಿತ್ತು, ಆಕೆಯ ಸತ್ಕಾರ್ಯಗಳನ್ನೂ ಗೌರವದಿಂದ ಎಣಿಸ್ತಿತ್ತು.

ಆ ರಾತ್ರಿ ನಾನು ಕ್ಷಮೆ ಕೇಳಿ, "ಅಮ್ಮ, ಕರ್ತನು ನಿನ್ನ ಹತ್ರ ಏನು ಹೇಳ್ತಿದ್ದಾನೆ?" ಅಂದೆ. ಮೊದಲ ಸಲ ಕೇಳಿದ್ದು. ಈಗ ವಾರಕ್ಕೆ ಮೂರು ದಿನ, ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮನೆಕೆಲಸ ಮಾಡೋ ನಾಲ್ಕು ಜನ ಅಕ್ಕಂದಿರಿಗೆ ಅಕ್ಷರ ಕಲಿಸ್ತಾರೆ. ಒಬ್ಬರು ಬಸ್ಸಿನ ಬೋರ್ಡ್ ಓದಿಕೊಂಡು ತಾವೇ ಹತ್ತಿದ ದಿನ ಅಮ್ಮ ಮನೆಯಲ್ಲಿ ಪಾಯಸ ಮಾಡಿದ್ರು. ಮೊಮ್ಮಗಳನ್ನ ನೋಡ್ಕೊಳ್ಳೋದು ಆ ಮೂರು ದಿನ ನನ್ನ ಪಾಲು.

ಎಚ್ಚರ, ಪ್ರಿಯರೇ. "ಹೌದು, ಅಮ್ಮಂಗೆ ಏನಾದ್ರೂ ಕೆಲಸ ಕೊಡೋಣ" ಅಂತ ಹೊರಡಬೇಡಿ. ಅಡುಗೆ, ಮಗು ಅಂತ ಬೇಕಾದಷ್ಟು ಕೆಲಸ ಆಗ್ಲೇ ಕೊಟ್ಟಿದ್ದೀವಿ. ಕರೆಯೋನು ಕರ್ತನು, ದಾರಿ ಬಿಡೋದು ನಮ್ಮ ಕೆಲಸ. ಆಯಾಸವಾಗಿದ್ರೆ ಅವರು ವಿಶ್ರಾಂತಿ ತಗೊಳ್ಳಲಿ, ಆದರೆ ಅದನ್ನ ಅವರೇ ಹೇಳಲಿ.

ಈ ವಾರ ನಿಮ್ಮ ಅಮ್ಮನಿಗೋ, ಅತ್ತೆಗೋ, ಅಜ್ಜಿಗೋ ಆ ಒಂದು ಪ್ರಶ್ನೆ ಕೇಳಿ. ಫೋನ್ ಪಕ್ಕಕ್ಕಿಟ್ಟು ಉತ್ತರ ಕೇಳಿಸಿಕೊಳ್ಳಿ.

ಪ್ರಾರ್ಥಿಸೋಣ. ಕರ್ತನೇ, ನಾವು ಮುಗೀತು ಅಂದುಕೊಂಡವರಲ್ಲಿ ನೀನು ಇನ್ನೂ ಕೆಲಸ ಮಾಡ್ತಿದ್ದೀಯ. ನೋಡುವ ಕಣ್ಣು ನಮಗೆ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.