ಚೆನ್ನಾಗಿರುವ ಫೋಟೋ, ಮಾರಬಹುದಾದ ಫೋಟೋ



ರಜೆಯಲ್ಲಿ ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ನಾನು ತೆಗೆದ 60 ಹಕ್ಕಿ ಫೋಟೋಗಳನ್ನು ಮನೆಯವರೆಲ್ಲ ಹೊಗಳಿದರು. ಅವನ್ನು ಮಾರಿ ಬಿ.ಕಾಂ. ಶುಲ್ಕಕ್ಕೆ ಸ್ವಲ್ಪ ಹಣ ಕೂಡಿಸುವ ಆಸೆ ನನಗೆ. ಕ್ಯಾಮೆರಾ ಮಾಮುವಿನದು, ಅವರು ಮದುವೆ ಫೋಟೋಗ್ರಾಫರ್. “ಮಾರೋದಾದರೆ ಮೊದಲು ಸರಕಿನ ಪರೀಕ್ಷೆ ಆಗಲಿ, ಬೇಟಾ” ಎಂದು ಕಂಪ್ಯೂಟರ್ ಮುಂದೆ ಕೂರಿಸಿದರು.

ಸ್ಟಾಕ್ ಫೋಟೋ ಎಂದರೆ ಚಿತ್ರದ ಬಳಕೆಯ ಹಕ್ಕನ್ನು ಮಾರುವುದು. ಒಂದೇ ಚಿತ್ರವನ್ನು ನೂರು ಜನ ಕೊಳ್ಳಬಹುದು. ಹಕ್ಕುಸ್ವಾಮ್ಯ ಮಾತ್ರ ತೆಗೆದವರಲ್ಲೇ ಉಳಿಯುತ್ತದೆ. ಅಡೋಬಿ ಸ್ಟಾಕ್‌ನಲ್ಲಿ ಫೋಟೋ ತೆಗೆದವರ ಪಾಲು ಶೇ. 33. ಕೊಳ್ಳುವವರು ಅದನ್ನು ದೊಡ್ಡ ಪೋಸ್ಟರ್ ಆಗಿಯೂ ಮುದ್ರಿಸಬಹುದು. ಆದ್ದರಿಂದಲೇ ಪರೀಕ್ಷೆ ಬಿಗಿ.

ಮೊದಲನೆಯದು ಅಳತೆ. ಅಲ್ಲಿ ಕನಿಷ್ಠ 4 ಮೆಗಾಪಿಕ್ಸೆಲ್, ಅಂದರೆ 40 ಲಕ್ಷ ಚುಕ್ಕೆಗಳು ಬೇಕು. ನನ್ನ ಚಿತ್ರ 4000 × 3000, ಅಂದರೆ 1 ಕೋಟಿ 20 ಲಕ್ಷ. ಆದರೆ ದೂರದ ಹೆಜ್ಜಾರ್ಲೆ ದೊಡ್ಡದಾಗಿ ಕಾಣಲೆಂದು ನಾನು ಸುತ್ತಲೂ ಕತ್ತರಿಸಿ 2000 × 1500 ಮಾಡಿದ್ದೆ. ಉದ್ದ, ಅಗಲ ಎರಡೂ ಅರ್ಧವಾದರೆ ಉಳಿಯುವುದು ಕಾಲು ಭಾಗ: 30 ಲಕ್ಷ. ಅಲ್ಲಿಗೆ ಅದು ಹೋಯಿತು.

ಎರಡನೆಯದು ಫೋಕಸ್. ಚಿತ್ರವನ್ನು ಶೇ. 100ಕ್ಕೆ ಹಿಗ್ಗಿಸಿ ಹಕ್ಕಿಯ ಕಣ್ಣು ನೋಡಬೇಕು. ಮೊಬೈಲ್ ಪರದೆಯಲ್ಲಿ ಚೂಪಾಗಿ ಕಂಡ ಕಣ್ಣು ಅಲ್ಲಿ ಮಸುಕಾಗಿತ್ತು. ಹಾರುವ ಹಕ್ಕಿಗೆ ಶಟರ್ ವೇಗ 1/1000 ಸೆಕೆಂಡಾದರೂ ಇರಬೇಕಿತ್ತು; ನಾನು ಇಟ್ಟದ್ದು 1/125.

ಮೂರನೆಯದು ಬೆಳಕು. ಬಿಸಿಲಿನಲ್ಲಿ ಬೆಳ್ಳಕ್ಕಿಯ ಮೈ ಬರೀ ಬಿಳಿ ಕಾಗದದಂತಾಗಿ ಗರಿಗಳೇ ಮಾಯವಾಗಿದ್ದವು. ದಾಖಲಾಗದ ಗರಿಯನ್ನು ಯಾವ ಸಾಫ್ಟ್‌ವೇರ್ ಕೂಡ ಮರಳಿ ತರಲಾರದು. ಮುಂಜಾನೆಯ ಮಬ್ಬಿನಲ್ಲಿ ಐಎಸ್‌ಒ ಹೆಚ್ಚಿಸಿದ್ದರಿಂದ ನೆರಳಿನ ಜಾಗದಲ್ಲೆಲ್ಲ ರವೆ ಚೆಲ್ಲಿದಂತೆ ಕಾಳು ಕಾಳು. ಲೆನ್ಸ್ ಬದಲಿಸುವಾಗ ಒಳಹೊಕ್ಕ ಧೂಳು ಆಕಾಶದಲ್ಲಿ ಬೂದು ಕಲೆಯಾಗಿತ್ತು. ಇದೊಂದನ್ನು ಅಳಿಸಬಹುದು.

ನಾಲ್ಕನೆಯದು ಫೈಲ್. ಜೆಪೆಗ್ ರೂಪ, ಎಸ್‌ಆರ್‌ಜಿಬಿ ಬಣ್ಣ, 45 ಎಂಬಿ ಒಳಗೆ. ಜೆಪೆಗ್ ಅನ್ನು ತಿದ್ದಿ ತಿದ್ದಿ ಸೇವ್ ಮಾಡಿದಷ್ಟೂ ಗುಣಮಟ್ಟ ಇಳಿಯುತ್ತದೆ. ಆದ್ದರಿಂದ ಮೂಲ ಪ್ರತಿ ಬೇರೆ ಇಡಬೇಕು.

ಕೊನೆಗೆ ಹೆಸರು. ನೀರುಕಾಗೆಗೆ ಬಾತುಕೋಳಿ ಎಂದು ಬರೆದರೆ ಹುಡುಕಿ ಬಂದವರಿಗೆ ಮೋಸ ಮಾಡಿದಂತೆ.

ಸಂಜೆಯ ಹೊತ್ತಿಗೆ 60ರಲ್ಲಿ ಉಳಿದದ್ದು 4. ಅಷ್ಟಾದರೂ ಉಳಿಯಿತಲ್ಲ ಎಂದು ಖಾತೆ ತೆರೆಯಲು ಹೋದರೆ ಇನ್ನೊಂದು ನಿಯಮ: 18 ತುಂಬಿರಬೇಕು. ನನಗೆ 17. “ನಿಮ್ಮ ಹೆಸರಲ್ಲಿ ಹಾಕೋಣ ಮಾಮು” ಎಂದೆ. “ತೆಗೆದವರೇ ಮಾರಬೇಕು ಅಂತ ಅಲ್ಲೇ ಬರೆದಿದೆ. ಚಿತ್ರ ನಿನ್ನದು, ಸಹಿ ನನ್ನದು ಅಂದರೆ ಅದು ಸುಳ್ಳು ಲೆಕ್ಕ” ಎಂದರು. ಕಾಮರ್ಸ್ ಓದುವ ನನಗೆ ಅದಕ್ಕೆ ಉತ್ತರ ಹೊಳೆಯಲಿಲ್ಲ.

18 ತುಂಬಲು ಇನ್ನೂ 7 ತಿಂಗಳಿದೆ. ಪ್ರತಿ ಭಾನುವಾರ ಬೆಳಿಗ್ಗೆ ಕೆರೆಗೆ ಹೋಗುತ್ತಿದ್ದೇನೆ. ಈಗ ಶಟರ್ 1/1000. ನಾಲ್ಕು ಇದ್ದದ್ದು ಒಂಬತ್ತಾಗಿದೆ.