ಹಿಮ ಎಲ್ಲಿದೆ, ಹಗಲು ಎಷ್ಟಿದೆ

ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದೂ 1884ರ ಜನವರಿಯಲ್ಲಿ. ಸುಂಕದಕಟ್ಟೆಯಲ್ಲಿ ಬೆಳೆದ ಮಕ್ಕಳಿಗೆ ಚಳಿ ಅಂದರೆ ಡಿಸೆಂಬರಿನ ಬೆಳಗ್ಗೆ ಸ್ಕೂಲ್ ವ್ಯಾನ್ ಹತ್ತುವಾಗ ತೊಡುವ ಸ್ವೆಟರ್. ಹತ್ತು ಗಂಟೆಗೆಲ್ಲ ಅದು ಬ್ಯಾಗಿನೊಳಗೆ ಸೇರುತ್ತದೆ. ಅಂಥ ಮಕ್ಕಳು ಹಿಮ ನೋಡಬೇಕೆಂದು ಹಟ ಹಿಡಿದಾಗ ಮನೆಯಲ್ಲಿ ಯೂರೋಪಿನ ಮಾತು ಶುರುವಾಗುತ್ತದೆ. ಪೀಣ್ಯ, ಕಾಮಾಕ್ಷಿಪಾಳ್ಯದ ವರ್ಕ್‌ಶಾಪುಗಳಲ್ಲಿ ದುಡಿದು ಮಕ್ಕಳನ್ನು ಓದಿಸಿದ ಹಿರಿಯರು ಈಗ ಮೊಮ್ಮಕ್ಕಳ ಕೈ ಹಿಡಿದು ಇಂಥ ಪ್ರವಾಸಕ್ಕೆ ಹೊರಡುತ್ತಿದ್ದಾರೆ. ಅಮ್ಮನನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಿಬಂದ ನಮ್ಮ ಮನೆಯೂ ಅವುಗಳಲ್ಲೊಂದು.

ಆಮೇಲಿಂದ ಬೀದಿಯಲ್ಲಿ ಯಾರಾದರೂ ‘ಯಾವ ದೇಶಕ್ಕೆ ಹೋಗೋದು ಒಳ್ಳೇದು?’ ಎಂದು ಕೇಳಿದರೆ ನಾನು ಮೊದಲು ಕೇಳುವುದು, ‘ನಿಮ್ಮನೇಲಿ ಎಲ್ಲರಿಗಿಂತ ಚಿಕ್ಕ ಮಗುಗೆ ಎಷ್ಟು ವರ್ಷ?’ ಆ ಮಗುವಿನ ನಿದ್ದೆ, ಊಟ, ನಡಿಗೆ ಇವಕ್ಕೆ ಒಗ್ಗುವ ಊರು ಸಿಕ್ಕರೆ ಉಳಿದವರಿಗೆಲ್ಲ ಅದು ಒಗ್ಗುತ್ತದೆ.

ಹಿಮದ ವಿಷಯಕ್ಕೇ ಬರೋಣ. ಡಿಸೆಂಬರಿನಲ್ಲಿ ಯೂರೋಪ್ ಪೂರ್ತಿ ಬೆಳ್ಳಗಿರುತ್ತದೆ ಎಂಬ ನಂಬಿಕೆ ಸಿನಿಮಾಗಳಿಂದ ಬಂದದ್ದು. ಪ್ಯಾರಿಸ್, ಲಂಡನ್, ಆಮ್‌ಸ್ಟರ್‌ಡ್ಯಾಮುಗಳಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಸಾಮಾನ್ಯವಾಗಿ ಸಿಗುವುದು ಮೋಡ ಮತ್ತು ಜಿಟಿಜಿಟಿ ಮಳೆ. ಹಿಮ ಬೇಕಿದ್ದರೆ ಊರಿನ ಎತ್ತರ ನೋಡಬೇಕು. ನಮ್ಮವರೆಲ್ಲ ತಂಗುವ ಸ್ವಿಟ್ಜರ್ಲೆಂಡಿನ ಇಂಟರ್‌ಲಾಕನ್ ಇರುವುದು ಸುಮಾರು 570 ಮೀಟರ್ ಎತ್ತರದಲ್ಲಿ, ಅಂದರೆ ಬೆಂಗಳೂರಿಗಿಂತ ತಗ್ಗಿನಲ್ಲಿ. ಅಲ್ಲಿಂದ ರೈಲಿನಲ್ಲಿ ಮೇಲೆ ಹೋದರೆ ಗ್ರಿಂಡೆಲ್‌ವಾಲ್ಡ್ 1,034 ಮೀಟರ್, ವೆಂಗೆನ್ 1,274, ಮ್ಯೂರೆನ್ 1,638. ಒಂದೊಂದು ಮೆಟ್ಟಿಲು ಹತ್ತಿದಂತೆಲ್ಲ ಹಿಮ ಸಿಗುವ ಭರವಸೆ ಹೆಚ್ಚು.

ವೆಂಗೆನ್, ಮ್ಯೂರೆನ್‌ಗಳಿಗೆ ಹೊರಗಿನ ಕಾರುಗಳು ಹೋಗುವುದಿಲ್ಲ. ರೈಲು ಇಲ್ಲವೇ ಕೇಬಲ್ ಕಾರಿನಲ್ಲೇ ಹೋಗಬೇಕು. ಮಾಗಡಿ ರಸ್ತೆ ದಾಟುವಾಗ ಮಗುವಿನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದೇ ಅಭ್ಯಾಸವಾದ ತಂದೆತಾಯಿಗೆ ಇದು ಎಷ್ಟು ದೊಡ್ಡ ಸಮಾಧಾನ ಎಂಬುದನ್ನು ನಾನು ಅಲ್ಲಿ ಕಂಡೆ. ಮಕ್ಕಳು ಬೀದಿಯಲ್ಲೇ ಸ್ಲೆಡ್ಜ್ ಎಳೆದುಕೊಂಡು ಓಡಿದರು, ಅಮ್ಮ ಬಾಗಿಲಲ್ಲಿ ನಿಂತು ನೋಡಿದರು. ಟಿಕೆಟ್ ಕೊಂಡು ನೋಡುವ ಯಾವ ಜಾಗವೂ ಅವರಿಗೆ ಅಷ್ಟು ಖುಷಿ ಕೊಡಲಿಲ್ಲ. ಸ್ವಿಸ್ ಟ್ರಾವೆಲ್ ಪಾಸ್ ಇರುವ ತಂದೆ ಅಥವಾ ತಾಯಿಯ ಜೊತೆ 16 ವರ್ಷದೊಳಗಿನ ಮಕ್ಕಳು ಫ್ಯಾಮಿಲಿ ಕಾರ್ಡಿನಲ್ಲಿ ಉಚಿತವಾಗಿ ಓಡಾಡಬಹುದು. ದುಬಾರಿ ದೇಶದಲ್ಲಿ ಇದು ನಿಜವಾದ ಉಳಿತಾಯ.

1912ರಿಂದ ರೈಲು ಓಡುತ್ತಿರುವ ಯುಂಗ್‌ಫ್ರಾಯೋಖ್ 3,454 ಮೀಟರ್ ಎತ್ತರದಲ್ಲಿದೆ. ಅಷ್ಟು ಬೇಗ ಅಷ್ಟು ಮೇಲಕ್ಕೆ ಹೋದರೆ ದೇಹ ಹೊಂದಿಕೊಳ್ಳಲು ಸಮಯ ಸಿಗದು. ತಲೆನೋವು, ಸುಸ್ತು ಸಹಜ. ಶೀತವಾಗಿ ಕಿವಿ ಕಟ್ಟಿದ ಮಗುವನ್ನೂ ಹೃದಯದ ತೊಂದರೆ ಇರುವ ಅಜ್ಜ-ಅಜ್ಜಿಯನ್ನೂ ಡಾಕ್ಟರನ್ನು ಕೇಳದೆ ಅಲ್ಲಿಗೆ ಕರೆದೊಯ್ಯಬಾರದು. ನಾವು ಅದನ್ನು ಬಿಟ್ಟೆವು. ಮಕ್ಕಳು ಕೇಳಲೂ ಇಲ್ಲ.

ಇನ್ನು ಹಗಲು. ಚಳಿಗಾಲದಲ್ಲಿ ಮಧ್ಯ ಯೂರೋಪ್ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಇಲ್ಲಿ ಆರೂವರೆಗೆ ಏಳುವ ಮಗು ಅಲ್ಲಿ ಮೊದಲ ದಿನ ರಾತ್ರಿ ಎರಡಕ್ಕೇ ಕಣ್ಣು ಬಿಡುತ್ತದೆ. ಇಲ್ಲಿ ರಾತ್ರಿ ಒಂಬತ್ತಕ್ಕೆ ತೂಕಡಿಸುವ ಮಗು ಅಲ್ಲಿ ಸಂಜೆ ನಾಲ್ಕೂವರೆಗೇ ತೂಕಡಿಸುತ್ತದೆ, ಸೂರ್ಯ ಮುಳುಗುವುದೂ ಆಗಲೇ. ಹಾಗಾಗಿ ಸಂಜೆಯ ದೀಪೋತ್ಸವ, ತಡರಾತ್ರಿಯ ಊಟ ಇವನ್ನು ಮೊದಲ ಎರಡು ಮೂರು ದಿನ ಪಟ್ಟಿಯಿಂದ ತೆಗೆದುಬಿಡುವುದೇ ಸರಿ. ದಿನಕ್ಕೊಂದು ಊರು ಬದಲಿಸುವ ಪ್ಯಾಕೇಜುಗಳು ಮಕ್ಕಳಿಗೆ ಹಿಂಸೆಯಾಗುವುದು ಇದರಿಂದಲೇ.

ಫಿನ್ಲೆಂಡಿನ ರೊವಾನಿಯೆಮಿಯಲ್ಲಿ ಆರ್ಕ್‌ಟಿಕ್ ವೃತ್ತದ ಮೇಲೇ ಸಾಂತಾ ಕ್ಲಾಸ್ ಹಳ್ಳಿಯಿದೆ. ಮಕ್ಕಳು ಹೆಸರು ಕೇಳಿಯೇ ಕುಣಿಯುತ್ತಾರೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಹಗಲು ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು, ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದೂ ಉಂಟು. ಎಂಟು-ಹತ್ತು ವರ್ಷ ದಾಟಿದ ಮಕ್ಕಳಿಗೆ ಅದೊಂದು ಅದ್ಭುತ; ಮೂರು ವರ್ಷದ ಮಗುವಿಗೆ ಬೇಡ ಎಂದು ಖಡಾಖಂಡಿತವಾಗಿ ಹೇಳುತ್ತೇನೆ.

ಕ್ಯಾಲೆಂಡರ್ ನೋಡದೆ ಮಾತ್ರ ಟಿಕೆಟ್ ಕೊಳ್ಳಬಾರದು. ನಮ್ಮ ಸಿಬಿಎಸ್‌ಇ, ಐಸಿಎಸ್‌ಇ ಶಾಲೆಗಳ ರಜೆ ಶುರುವಾಗುವ ಹೊತ್ತಿಗೆ ಜರ್ಮನಿಯ ಕ್ರಿಸ್‌ಮಸ್ ಸಂತೆಗಳು ಮುಗಿಯುತ್ತವೆ. ಹೆಸರಾಂತ ನ್ಯೂರೆಂಬರ್ಗ್ ಸಂತೆಗೆ ಡಿಸೆಂಬರ್ 24 ಕೊನೆಯ ದಿನ. ಆ ಮಧ್ಯಾಹ್ನದಿಂದ ಅಂಗಡಿಗಳು ಬಾಗಿಲು ಹಾಕಿದರೆ 25, 26ರಂದೂ ಹಾಲು, ಬ್ರೆಡ್‌ಗೆ ದೊಡ್ಡ ರೈಲು ನಿಲ್ದಾಣಗಳನ್ನೇ ಹುಡುಕಬೇಕು. ಲಂಡನ್ನಿನಲ್ಲಂತೂ 25ರಂದು ಬಸ್ಸು, ಮೆಟ್ರೊ ಎರಡೂ ಇಲ್ಲ. ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆಯನ್ನು ಮಕ್ಕಳಿಗೆ ತೋರಿಸಬೇಕೆಂಬ ಆಸೆ ಬಸವೇಶ್ವರನಗರದ ಪಕ್ಕದಲ್ಲಿರುವ ನಮಗೆ ಇದ್ದೇ ಇರುತ್ತದೆ. ಆದರೆ ಬ್ರಿಟನ್ನಿಗೆ ವೀಸಾ ಬೇರೆ. ಯೂರೋಪಿನ ಬಹುಪಾಲು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾ ಅಲ್ಲಿ ನಡೆಯದು.

ಊಟದ ಚೀಲದ ಬಗ್ಗೆಯೂ ನಿಯಮಗಳಿವೆ. ಯೂರೋಪಿಯನ್ ಒಕ್ಕೂಟದೊಳಕ್ಕೆ ನಮ್ಮಲ್ಲಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ತುಪ್ಪದ ಡಬ್ಬಿ, ಧಾರವಾಡ ಪೇಡ ಮನೆಯಲ್ಲೇ ಉಳಿಯಬೇಕು. ಹಸಿ ಕರಿಬೇವಿಗೂ ಪ್ರಮಾಣಪತ್ರ ಕೇಳುತ್ತಾರೆ. ತೆಂಗಿನಕಾಯಿ, ಬಾಳೆಹಣ್ಣಿನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಇದ್ದರೆ ಸಾಕು. ಅಡುಗೆಮನೆ ಇರುವ ಅಪಾರ್ಟ್‌ಮೆಂಟಿನಲ್ಲಿ ಬಿಸಿ ಅನ್ನ ಮಾಡಿಕೊಂಡರೆ ಮಗು ಹೊಟ್ಟೆ ತುಂಬ ತಿನ್ನುತ್ತದೆ.

ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲೇ ಹಾಕಬಹುದು. 2024ರ ಜೂನ್‌ನಿಂದ ಶುಲ್ಕ ದೊಡ್ಡವರಿಗೆ 90 ಯೂರೊ, 6ರಿಂದ 12 ವರ್ಷದೊಳಗಿನವರಿಗೆ 45. ಆರು ತುಂಬದ ಮಕ್ಕಳಿಗೆ ಇಲ್ಲ. 12 ವರ್ಷದೊಳಗಿನವರು ಬೆರಳಚ್ಚೂ ಕೊಡಬೇಕಿಲ್ಲ. ಹೆಚ್ಚು ದಿನ ಉಳಿಯುವ ದೇಶಕ್ಕೇ ಅರ್ಜಿ ಹಾಕಬೇಕಾದ್ದರಿಂದ ಒಂದೇ ಊರಲ್ಲಿ ನೆಲೆ ನಿಲ್ಲುವವರಿಗೆ ಗೊಂದಲವೂ ಕಡಿಮೆ.

ಅಜ್ಜ-ಅಜ್ಜಿ, ಪುಟ್ಟ ಮಗು ಇಬ್ಬರೂ ಜೊತೆಗಿದ್ದರೆ ನನ್ನ ಶಿಫಾರಸು ವಿಯೆನ್ನಾ. ಬೆಂಗಳೂರಿನಿಂದ ನೇರ ವಿಮಾನವಿಲ್ಲ, ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್‌ನಲ್ಲಿ ಬದಲಿಸಬೇಕು. ಆದರೂ ಅಲ್ಲಿನ ನಿಸರ್ಗ ಇತಿಹಾಸ ಸಂಗ್ರಹಾಲಯದಲ್ಲಿ 19 ವರ್ಷದೊಳಗಿನವರಿಗೆ ಪ್ರವೇಶ ಉಚಿತ. 1752ರಲ್ಲಿ ಶುರುವಾದ ಷೋನ್‌ಬ್ರುನ್ ಮೃಗಾಲಯ ವರ್ಷದ ಎಲ್ಲ ದಿನವೂ ತೆರೆದಿರುತ್ತದೆ. ಹಿಮ ಬೇಕೆನಿಸಿದ ದಿನ 1854ರ ಹಳೆಯ ಬೆಟ್ಟದ ರೈಲು ಹಾದಿಯಲ್ಲಿ ಸೆಮ್ಮರಿಂಗ್‌ಗೆ ಹೋಗಿ, ಸ್ಲೆಡ್ಜ್ ಬಾಡಿಗೆಗೆ ಪಡೆದು, ಕತ್ತಲಾಗುವ ಮೊದಲೇ ರೂಮಿಗೆ ಮರಳಬಹುದು.